ಮನೆಯಂಗಳದ ಬಹುವಾರ್ಷಿಕ ಹೂಗಿಡಗಳು: ಅವುಗಳ ಬೇಸಗೆಯ ವಿಶ್ರಾಂತಿಯನ್ನು ಕುರಿತು

ಮನೆಯಂಗಳದ ಹೂಗಿಡಗಳನ್ನು ಕುರಿತು ಬರೆಯುವುದು ಸಂಶೋಧನ ಸಂಚಿಕೆಗೆ ತಕ್ಕ ಕೆಲಸವೇ ಎಂದು ಕೆಲವರು ಶಂಕಿಸಬಹುದು. ಪ್ರಯೋಗಶಾಲೆ ಅಧ್ಯಯನದ ಸ್ಥಳ, ಅಂಗಳ ವಿರಾಮದ ಸ್ಥಳ ಎಂಬ ಭೇದವನ್ನು ನಮ್ಮಲ್ಲಿ ಅನೇಕರು ಮಾಡಿಕೊಂಡಿದ್ದೇವೆ. ಆದರೆ 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಗಳಿಗೆ ಬಳಸಕೂಡದೆಂದು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅಂಥ ಬೇಸಗೆಯಲ್ಲಿ ಯಾವ ಗಿಡ ಉಳಿಯುತ್ತದೆ, ಯಾವುದು ಸಾಯುತ್ತದೆ ಎಂಬುದು ಗಿಡದೊಡೆಯನ ಅದೃಷ್ಟದ ಮಾತಲ್ಲ. ಅದಕ್ಕೆ ಸಸ್ಯಶಾಸ್ತ್ರದಲ್ಲಿ ಸ್ಪಷ್ಟವಾದ ಕಾರಣವುಂಟು. ಆ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರ ನಿಂತ ನೀರು ಸರಿಯಾಗಿ ಒಂದು ಲೀಟರ್. ನಮ್ಮ ಮೈದಾನದ ಸೀಮೆಯಲ್ಲಿ ಬೇಸಗೆಯ ಒಂದು ದಿನಕ್ಕೆ ಹಸುರು ಹೊದೆದ ನೆಲದಿಂದ ಆವಿಯಾಗಿ ಹೋಗುವ ನೀರು ಸುಮಾರು 5 ಮಿಲಿಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಯ ವಿಸ್ತಾರ 9.3 ಚದರ ಮೀಟರ್. ಆದಕಾರಣ ಇಷ್ಟು ಪುಟ್ಟ ಮಡಿಯನ್ನು ಹಸುರಾಗಿಯೇ ಇರಿಸಬೇಕಾದರೆ ದಿನಕ್ಕೆ ಸುಮಾರು 46 ಲೀಟರ್ ನೀರು ಬೇಕು. ಫೆಬ್ರವರಿಯ ಮೊದಲಿನಿಂದ ಮೇ ತಿಂಗಳ ನಡುವಿನವರೆಗೆ ನೂರು ದಿನಗಳೆಂದು ಹಿಡಿದರೆ 4,600 ಲೀಟರ್ ಆಯಿತು. ದೊಡ್ಡ ನಗರಗಳಲ್ಲಿ ಒಬ್ಬ ಮನುಷ್ಯನ ಎಲ್ಲ ಬಳಕೆಗೂ ಸೇರಿ ದಿನಕ್ಕೆ 135 ಲೀಟರ್ ಒದಗಿಸಬೇಕೆಂಬುದು ನಮ್ಮ ದೇಶದ ಯೋಜಕರು ಇಟ್ಟುಕೊಂಡಿರುವ ಅಳತೆ. ಅದರಲ್ಲಿ ಮೂರನೆಯ ಒಂದು ಪಾಲನ್ನು ಒಂದು ಹೂವಿನ ಮಡಿ ಕುಡಿದುಬಿಡುತ್ತದೆ!

ಹೀಗಿರಲು, ‘ಆರೈಕೆ ಬೇಡದ ಹೂಗಿಡ’ ಯಾವುದು ಎಂದು ನರ್ಸರಿಗಳಲ್ಲಿ ಕೇಳುವವರ ಸಂಖ್ಯೆ ಹೆಚ್ಚಿರುವುದು ಸಹಜವೇ. ಇಂಥವರಿಗೆ ಪರದೇಶದ ತೋಟಗಾರಿಕೆಯ ಪುಸ್ತಕಗಳಿಂದ ಎತ್ತಿದ ಪಟ್ಟಿಗಳೇ ಹಲವು ವೇಳೆ ಉತ್ತರವಾಗಿ ದೊರೆಯುತ್ತವೆ. ಇದು ದಾರಿ ತಪ್ಪಿಸುವ ಉತ್ತರ. ಇಂಗ್ಲೆಂಡಿನ ತೋಟಗಾರ ‘ಬಹುವಾರ್ಷಿಕ’ ಎನ್ನುವಾಗ ಆತನ ಮನಸ್ಸಿನಲ್ಲಿರುವುದು ಚಳಿಗಾಲದ ಹೆಪ್ಪುಗಟ್ಟುವ ನೆಲವನ್ನು ದಾಟಿ ಬರುವ ಗಿಡ. ಅಂಥ ಗಿಡಗಳಲ್ಲಿ ಕೆಲವಕ್ಕೆ, ನಿದರ್ಶನಕ್ಕೆ ಪಿಯೊನಿ ಮತ್ತು ಟ್ಯೂಲಿಪ್‌ಗಳಿಗೆ, ಹೂ ಬಿಡಬೇಕಾದರೆ ವಾರಗಟ್ಟಲೆ ತೀವ್ರವಾದ ಚಳಿ ತಗುಲಲೇಬೇಕು. ನಮ್ಮ ಬಯಲುಸೀಮೆಯ ಜನವರಿಯಲ್ಲಿ ಅದು ಎಲ್ಲಿಂದ ಬರಬೇಕು? ಇನ್ನೊಂದು ಕಡೆ, ನಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಬಾಳುವ ಸಂಜೆಮಲ್ಲಿಗೆ ಮತ್ತು ನಿತ್ಯಪುಷ್ಪಗಳು ಆ ದೇಶದ ಚಳಿಯನ್ನು ತಾಳಲಾರವಾದ್ದರಿಂದ, ಅಲ್ಲಿಯವರು ಅವನ್ನು ಪ್ರತಿವರ್ಷ ಬಿತ್ತಿ ಬೆಳೆಯುತ್ತಾರೆ. ಅವರ ಪುಸ್ತಕಗಳಲ್ಲಿ ಅವು ಏಕವಾರ್ಷಿಕಗಳ ಸಾಲಿಗೆ ಸೇರಿರುವುದುಂಟು. ಬಹುವಾರ್ಷಿಕತ್ವವು ಗಿಡ ಒಂದರ ಗುಣವಲ್ಲ. ಗಿಡ ಮತ್ತು ಋತು ಎರಡಕ್ಕೂ ನಡುವಣ ಸಂಬಂಧ ಎಂಬುದು ಇದರಿಂದ ತಿಳಿಯುತ್ತದೆ.

ಈ ಸಂಬಂಧವನ್ನು ಸ್ಪಷ್ಟವಾಗಿ ಕಂಡವನು ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞ ಕ್ರಿಸ್ಟನ್ ರೌಂಕಿಯರ್. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆತನು ಸಸ್ಯಗಳನ್ನು ಅವುಗಳ ಹೂವಿನಿಂದಾಗಲಿ ಎತ್ತರದಿಂದಾಗಲಿ ವಿಂಗಡಿಸದೆ, ಒಂದೇ ಒಂದು ಪ್ರಶ್ನೆಯಿಂದ ವಿಂಗಡಿಸಿದನು: ಕೆಟ್ಟ ಕಾಲದಲ್ಲಿ ಗಿಡವು ತನ್ನ ಮುಂದಿನ ಚಿಗುರಿನ ಮೊಗ್ಗನ್ನು ಎಲ್ಲಿ ಅಡಗಿಸಿಡುತ್ತದೆ? ಮರಗಳೂ ಪೊದೆಗಳೂ ಅದನ್ನು ಗಾಳಿಯಲ್ಲಿ, ಕೊಂಬೆಗಳ ಮೇಲೆಯೇ ಇರಿಸುತ್ತವೆ. ಕುಳ್ಳಾದ ಗಿಡಗಳು ನೆಲದ ಸಮೀಪದಲ್ಲಿ, ಇನ್ನು ಕೆಲವು ಮಣ್ಣಿನ ಮಟ್ಟದಲ್ಲಿಯೇ ತರಗಿನ ಮರೆಯಲ್ಲಿ ಇರಿಸುತ್ತವೆ. ಗೆಡ್ಡೆ, ಕಂದಗಳುಳ್ಳವು ಅದನ್ನು ನೆಲದೊಳಗೆ ಹೂತುಬಿಡುತ್ತವೆ. ಏಕವಾರ್ಷಿಕಗಳಾದರೋ ಮೈಯನ್ನೇ ಬಿಟ್ಟು ಬೀಜದಲ್ಲಿ ಮಾತ್ರ ಉಳಿಯುತ್ತವೆ. ರೌಂಕಿಯರನಿಗೆ ಕೆಟ್ಟ ಕಾಲವೆಂದರೆ ಹಿಮ. ನಮಗೆ ಅದು ಸಂಕ್ರಾಂತಿ ಕಳೆದು ನೆಲ ಒಣಗತೊಡಗಿದ ಮೇಲೆ ಅಶ್ವಿನಿ, ಭರಣಿ ಮಳೆಗಳು ಬೀಳುವವರೆಗಿನ ಅವಧಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾದರೂ ಜನವರಿಯಿಂದ ಮಾರ್ಚಿಯವರೆಗೆ ಬೀಳುವುದು ತೀರ ಅತ್ಯಲ್ಪ. ಆತನ ಪ್ರಶ್ನೆಯನ್ನು ನಮ್ಮ ಬೇಸಗೆಗೆ ಅನ್ವಯಿಸಿದರೆ, ಅಂಗಳಕ್ಕೆ ಯಾವ ಗಿಡ ತಕ್ಕುದು, ಅದಕ್ಕೆ ಏನು ಮಾಡಬೇಕು, ಅದಕ್ಕಿಂತಲೂ ಮುಖ್ಯವಾಗಿ ಏನು ಮಾಡಬಾರದು ಎಂಬುದು ತಾನಾಗಿಯೇ ಹೊರಬೀಳುತ್ತದೆ.

ನೆಲದೊಳಗೆ ಮೊಗ್ಗನ್ನು ಹೂತಿಡುವ ಗಿಡಗಳಿಂದಲೇ ಆರಂಭಿಸೋಣ. ಏಕೆಂದರೆ ನೀರಿಲ್ಲದ ಅಂಗಳಕ್ಕೆ ಇವುಗಳಷ್ಟು ಒಗ್ಗುವ ಗಿಡಗಳಿಲ್ಲ, ಮತ್ತು ಇವುಗಳಷ್ಟು ತಪ್ಪು ತಿಳಿವಳಿಕೆಗೆ ಗುರಿಯಾದವೂ ಇಲ್ಲ. ನೆಲಸಂಪಿಗೆಯನ್ನು ನೋಡಿ. ಇದು ಶುಂಠಿ, ಅರಿಸಿನಗಳ ಕುಟುಂಬಕ್ಕೆ ಸೇರಿದ ಕೆಂಪ್ಫೇರಿಯ ರೊಟಂಡ. ಮಳೆಗಾಲ ಮುಗಿದ ಮೇಲೆ ಇದರ ಎಲೆಗಳು ಹಳದಿಯಾಗಿ ಒಣಗಿಹೋಗುತ್ತವೆ. ತಿಂಗಳುಗಟ್ಟಲೆ ನೆಲದ ಮೇಲೆ ಏನೂ ಕಾಣದು. ಬೇಸಗೆಯಲ್ಲಿ, ಎಲೆಯ ಸುಳಿವೇ ಇಲ್ಲದಿರುವಾಗ, ಬರಿಯ ಮಣ್ಣಿನಿಂದ ಬಿಳಿ ಮತ್ತು ನೇರಳೆ ಬಣ್ಣದ ನರುಗಂಪಿನ ಹೂ ಮೇಲೇಳುತ್ತದೆ. ಆ ಹೂವಿಗೆ ಬೇಕಾದ ಆಹಾರವೆಲ್ಲ ಹಿಂದಿನ ಮಳೆಗಾಲದ ಎಲೆಗಳು ದುಡಿದು ಬೇರುಗಡ್ಡೆಗಳಲ್ಲಿ ಕೂಡಿಟ್ಟದ್ದು. ಆಫ್ರಿಕದ ಮೂಲದ್ದಾದರೂ ನಮ್ಮ ಊರುಗಳಲ್ಲಿ ‘ಮೇ ಹೂವು’ ಎಂದು ಹೆಸರು ಪಡೆದಿರುವ ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್ ಕೂಡ ಇದೇ ಜಾಡಿನದು. (ಗುಲ್‌ಮೊಹರ್ ಮರಕ್ಕೂ ಇದೇ ಹೆಸರುಂಟು, ಇಲ್ಲಿ ಹೇಳುತ್ತಿರುವುದು ಕೆಂಪು ಚೆಂಡಿನಂತಹ ಹೂಗೊಂಚಲಿನ ಗೆಡ್ಡೆಗಿಡವನ್ನು.) ವರ್ಷಕ್ಕೊಮ್ಮೆ, ಮೊದಲ ಮಳೆಗಳ ಹೊತ್ತಿಗೆ, ಎಲೆಗೆ ಮುಂಚೆಯೋ ಎಲೆಯ ಜೊತೆಗೋ ಹೂ ಬಂದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹೂ ಮುಗಿದ ಬಳಿಕ ಉಳಿಯುವ ಅಗಲವಾದ ಎಲೆಗಳನ್ನು ‘ಇನ್ನೇನು ಪ್ರಯೋಜನ’ವೆಂದು ಕತ್ತರಿಸಿ ಹಾಕುವವರುಂಟು. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮುಂದಿನ ವರ್ಷದ ಹೂವನ್ನು ಕಟ್ಟುವವು ಆ ಎಲೆಗಳೇ. ಅವು ತಾವಾಗಿಯೇ ಹಳದಿಯಾಗಿ ಬಾಡುವವರೆಗೆ ಮುಟ್ಟದಿರುವುದೇ ಈ ಗಿಡಕ್ಕೆ ಬೇಕಾದ ಮುಖ್ಯ ಆರೈಕೆ.

ಅಮೆರಿಕದ ಉಷ್ಣವಲಯಗಳಿಂದ ಬಂದ ಮಳೆಯ ಲಿಲಿಗಳ ವಿಷಯವೂ ಅಷ್ಟೆ. ಒಣಗಿದ ನೆಲ ಒಮ್ಮೆ ಚೆನ್ನಾಗಿ ತೊಯ್ದರೆ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಅರಳುತ್ತವೆ. ಒಣಗುವುದೂ ತೊಯ್ಯುವುದೂ ಒಂದಾದ ಮೇಲೊಂದು ಬಂದಷ್ಟೂ ಅವಕ್ಕೆ ಹೂ ಬಿಡುವ ಸೂಚನೆ ದೊರೆಯುತ್ತದೆ. ದಿನವೂ ನೀರೆರೆದು ನೆಲವನ್ನು ಒಂದೇ ಸಮನಾಗಿ ತೇವವಾಗಿಟ್ಟವನು ಎಲೆಯನ್ನು ಬೆಳೆಯುತ್ತಾನೆ, ಹೂವನ್ನಲ್ಲ.

ಸುಗಂಧರಾಜದ ಕಥೆ ಸ್ವಲ್ಪ ಬೇರೆ. ಮೆಕ್ಸಿಕೋ ದೇಶದ ಈ ಗಿಡವು ಈಗ ಕಾಡಿನಲ್ಲಿ ಎಲ್ಲಿಯೂ ಕಂಡುಬರದೆ ಕೃಷಿಯಲ್ಲಿ ಮಾತ್ರ ಉಳಿದಿದೆ. ಪಾಲಿಯಾಂಥಸ್ ಎಂಬ ಹಳೆಯ ಕುಲನಾಮದಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿದ್ದ ಇದನ್ನು ವರ್ಗೀಕರಣಕಾರರು ಈಚೆಗೆ ಅಗೇವ್ ಕುಲಕ್ಕೆ, ಎಂದರೆ ನಮ್ಮ ಹೊಲದ ಬದುಗಳ ಕತ್ತಾಳೆಯ ಕುಲಕ್ಕೆ, ಸೇರಿಸಿದ್ದಾರೆ. ದೇವರ ಮನೆಯ ಹಾರಕ್ಕೂ ಬದುವಿನ ಮುಳ್ಳಿಗೂ ಇಷ್ಟು ಹತ್ತಿರದ ನೆಂಟಸ್ತನವೆಂದರೆ ನಂಬುವುದು ಕಷ್ಟ. ಆದರೆ ಕತ್ತಾಳೆಯ ಒಂದು ವಿಶೇಷ ಇದರಲ್ಲಿಯೂ ಉಂಟು. ಒಮ್ಮೆ ಹೂಗೋಲನ್ನು ಎತ್ತಿದ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟಿದ ಮರಿಗೆಡ್ಡೆಗಳು ಆ ಕೆಲಸವನ್ನು ಮುಂದುವರಿಸುತ್ತವೆ. ಆದಕಾರಣ ಮಡಿಯು ವರ್ಷ ವರ್ಷಕ್ಕೂ ಒತ್ತಾಗುತ್ತ ಹೋಗಿ, ಮೂರು ವರ್ಷಗಳ ಹೊತ್ತಿಗೆ ಹೂಗೋಲುಗಳು ಕುಗ್ಗುತ್ತವೆ. ಎಲೆ ಹಳದಿಯಾದ ಒಣ ದಿನಗಳಲ್ಲಿ ಗುಂಪನ್ನು ಅಗೆದು, ಗೆಡ್ಡೆಗಳನ್ನು ಬಿಡಿಸಿ, ಸುಮಾರು 2 ಸೆಂಟಿಮೀಟರ್‌ಗಿಂತ ದಪ್ಪನಾದವನ್ನು ಆರಿಸಿ, ಕೆಲವು ವಾರ ನೆರಳಿನಲ್ಲಿ ಹರಡಿಟ್ಟು, ಮಳೆಯ ಮುನ್ನ ಎರಡು ಅಂಗುಲದ ಆಳದಲ್ಲಿ ನೆಟ್ಟರೆ ಸುಮಾರು ಮೂರು ತಿಂಗಳಿಗೆ ಹೂ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯು ಹೊರತಂದಿರುವ ‘ಪ್ರಜ್ವಲ್’ ಮತ್ತು ‘ಶೃಂಗಾರ್’ ಎಂಬ ಒಂಟಿಸುತ್ತಿನ ತಳಿಗಳು, ‘ಸುವಾಸಿನಿ’ ಎಂಬ ಸುತ್ತುಸುತ್ತಿನ ತಳಿ ಪ್ರಸಿದ್ಧವಾಗಿವೆ. ಅಂಗಳಕ್ಕೆ ಒಂಟಿಸುತ್ತಿನದೇ ಲೇಸೆಂದು ನಮ್ಮ ಅಭಿಪ್ರಾಯ. ರಾತ್ರಿಯ ಪರಿಮಳ ಅದರಲ್ಲಿ ಹೆಚ್ಚು.

ಸಂಜೆಮಲ್ಲಿಗೆಗೆ ಇಷ್ಟು ಉಪಚಾರವೂ ಬೇಡ. ಇದರ ತಾಯಿಬೇರು ಗೆಣಸಿನಂತೆ ಊದಿ ಆಳಕ್ಕೆ ಇಳಿದಿರುತ್ತದೆ. ನೀರೆರೆಯದ ನೆಲದಲ್ಲಿ ಬೇಸಗೆಯ ಬಿಸಿಲಿಗೆ ಮೇಲಿನ ಭಾಗ ಒಣಗಿದರೂ, ಮಳೆ ಬಿದ್ದೊಡನೆ ಬೇರಿನ ತಲೆಯಿಂದ ಹೊಸ ಕುಡಿ ಒಡೆಯುತ್ತದೆ. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಅರಳಿ ರಾತ್ರಿಯ ಪತಂಗಗಳನ್ನು ಕರೆಯುವ ಇದರ ‘ಹೂವಿನಲ್ಲಿ’ ದಳಗಳೇ ಇಲ್ಲ, ಬಣ್ಣವೆಲ್ಲ ಪುಷ್ಪಪಾತ್ರೆಯದು ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅಧ್ಯಾಪಕರು ಮತ್ತೊಂದನ್ನು ನೆನೆಯಬಹುದು. ಜರ್ಮನಿಯ ಕಾರ್ಲ್ ಕಾರೆನ್ಸ್ 1909ರಲ್ಲಿ ಎಲೆಯ ಬಿಳಿ ಹಸುರು ಮಚ್ಚೆಗಳು ತಾಯಿಯ ಮೂಲಕ ಮಾತ್ರ ಸಂತಾನಕ್ಕೆ ಇಳಿಯುತ್ತವೆಂದು ತೋರಿಸಿಕೊಟ್ಟದ್ದು ಇದೇ ಗಿಡದಲ್ಲಿ. ಹಿತ್ತಲಲ್ಲಿ ತಾನಾಗಿ ಬೆಳೆದ ಗಿಡವೊಂದು ತಳಿಶಾಸ್ತ್ರದ ಪಠ್ಯಪುಸ್ತಕದಲ್ಲಿ ಸ್ಥಾನ ಪಡೆದಿರುವಾಗ, ಕಾಲೇಜಿನ ತೋಟದಲ್ಲಿ ಅದನ್ನು ಕಳೆಯೆಂದು ಕೀಳಿಸುವುದು ನ್ಯಾಯವಲ್ಲ.

ಈ ಗುಂಪಿನಲ್ಲಿ ಒಂದು ಗಿಡದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯ. ಗೌರಿ ಹಬ್ಬದ ದಿನಗಳಲ್ಲಿ ಬೇಲಿಯ ಮೇಲೆ ಜ್ವಾಲೆಯಂತೆ ಅರಳುವ ಗೌರಿಹೂವು, ಎಂದರೆ ಅಗ್ನಿಶಿಖೆಯು, ನಮ್ಮ ನೆಲದ್ದೇ. ಬೇಸಗೆಯನ್ನು ಅದು ಗೆಡ್ಡೆಯಾಗಿ ಸುಲಭವಾಗಿ ಕಳೆಯುತ್ತದೆ. ಆದರೆ ಆ ಗೆಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ತೀವ್ರವಾದ ವಿಷವಿದೆ. ವರ್ಣತಂತುಗಳನ್ನು ಇಮ್ಮಡಿಸಲು ನಾವು ಪ್ರಯೋಗಶಾಲೆಯಲ್ಲಿ ಅಳೆದಳೆದು ಬಳಸುವ ವಸ್ತುವೇ ಅದು. ತಿನ್ನುವ ಗೆಣಸೆಂದು ಭ್ರಮಿಸಿ ಇದನ್ನು ಸೇವಿಸಿ ಪ್ರಾಣ ಕಳೆದುಕೊಂಡವರುಂಟು. ಮಕ್ಕಳಿರುವ ಮನೆಯ ಅಂಗಳದಲ್ಲಿ, ಅದರಲ್ಲಿಯೂ ಗೆಣಸು ಬೆಳೆಯುವ ಹಿತ್ತಲಲ್ಲಿ, ಇದನ್ನು ನೆಡಬಾರದು.

ಇನ್ನು ಕೊಂಬೆಯ ಮೇಲೆ ಮೊಗ್ಗನ್ನು ಉಳಿಸಿಕೊಳ್ಳುವ ಪೊದೆಗಳು. ಇವುಗಳಿಗೆ ನೆಲದೊಳಗಿನ ಆಶ್ರಯವಿಲ್ಲದ್ದರಿಂದ ಒಣಗಾಳಿಯನ್ನು ಎಲೆಯ ರಚನೆಯಿಂದಲೋ ಬೇರಿನ ಆಳದಿಂದಲೋ ಎದುರಿಸಬೇಕು. ಕಣಗಿಲೆಯ ಎಲೆಯನ್ನು ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡದ ಸಸ್ಯಶಾಸ್ತ್ರದ ವಿದ್ಯಾರ್ಥಿ ವಿರಳ. ದಪ್ಪನಾದ ಮೇಣದ ಪೊರೆ, ಅದರ ಕೆಳಗೆ ಹಲವು ಪದರಗಳ ಹೊರಚರ್ಮ, ತಳಭಾಗದಲ್ಲಿ ಕುಳಿಗಳು, ಆ ಕುಳಿಗಳೊಳಗೆ ರೋಮಗಳ ಮರೆಯಲ್ಲಿ ಪತ್ರರಂಧ್ರಗಳು: ಒಣಹವೆಯ ಸಸ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ವಿಚಿತ್ರವೆಂದರೆ ಕಣಗಿಲೆ ತನ್ನ ಸಹಜ ನೆಲೆಯಲ್ಲಿ ಬೆಳೆಯುವುದು ಹೊಳೆಗಳ ಪಾತ್ರದಲ್ಲಿ. ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳಿನಡಿಯ ತೇವವನ್ನು ಆಳವಾದ ಬೇರಿನಿಂದ ಅರಸಿಕೊಳ್ಳುವ ಪೊದೆ ಅದು. ಹೆದ್ದಾರಿಗಳ ನಡುವಣ ಪಟ್ಟಿಗಳಲ್ಲಿ ಇದನ್ನು ನೆಡುವವರು ಈ ಗುಣವನ್ನು ಕಂಡೇ ನೆಡುತ್ತಾರೆ. ಇದರ ಸರ್ವಾಂಗವೂ ಹೃದಯಕ್ಕೆ ಮಾರಕವಾದ ವಿಷವೆಂಬುದನ್ನು ಮಾತ್ರ ಮರೆಯಲಾಗದು. ದನಕರುಗಳು ಸುಳಿದಾಡುವ ಕಡೆ ಸವರಿದ ಕೊಂಬೆಗಳನ್ನು ಬಿಸಾಡಬಾರದು. ಒಣಗಿದ ಎಲೆಯೂ ವಿಷವೇ.

ದಾಸವಾಳದ ತೆಳುವಾದ ಎಲೆಗೆ ಇಂಥ ಕವಚವಿಲ್ಲ. ಬೇಸಗೆಯಲ್ಲಿ ಅದು ಎಲೆಗಳನ್ನು ಉದುರಿಸಿ ಬಾಷ್ಪವಿಸರ್ಜನೆಯನ್ನು ತಗ್ಗಿಸಿಕೊಳ್ಳುತ್ತದೆ. ಇದನ್ನು ರೋಗವೆಂದು ಭಾವಿಸಿ ಗೊಬ್ಬರ ಸುರಿಯುವುದು ಸರಿಯಲ್ಲ. ನೀರಿಲ್ಲದ ನೆಲದಲ್ಲಿ ಗೊಬ್ಬರದ ಲವಣಗಳು ಬೇರಿನಿಂದ ನೀರನ್ನು ಹೊರಕ್ಕೆ ಸೆಳೆಯುತ್ತವೆಯೇ ಹೊರತು ಗಿಡಕ್ಕೆ ಒದಗುವುದಿಲ್ಲ. ಪೊದೆಗಳಿಗೆ ನೀರು ಕೊಡುವ ಕ್ರಮದಲ್ಲಿಯೇ ಅಂಗಳದ ಮುಖ್ಯವಾದ ತಪ್ಪು ಅಡಗಿದೆ. ಪ್ರತಿದಿನ ಸಂಜೆ ಒಂದು ಚೊಂಬು ನೀರನ್ನು ಬುಡಕ್ಕೆ ಹೊಯ್ದರೆ ಮೇಲಿನ ಒಂದೆರಡು ಅಂಗುಲ ಮಣ್ಣು ಮಾತ್ರ ತೇವವಾಗುತ್ತದೆ. ಎಳೆಯ ಬೇರುಗಳೆಲ್ಲ ಅಲ್ಲಿಯೇ ಹೆಣೆದುಕೊಳ್ಳುತ್ತವೆ. ಒಡೆಯನು ಒಂದು ವಾರ ಊರಿಗೆ ಹೋದರೆ ಆ ಪದರವೇ ಮೊದಲು ಒಣಗುತ್ತದೆ. ಅದೇ ನೀರನ್ನು ಕೂಡಿಟ್ಟು ವಾರಕ್ಕೊಮ್ಮೆ ಆಳವಾಗಿ ಇಂಗುವಂತೆ ಬಿಟ್ಟು, ಬುಡದಲ್ಲಿ ಮೂರು ಅಂಗುಲ ತರಗನ್ನು ಹೊದಿಸಿದರೆ ಬೇರು ಕೆಳಗಿಳಿಯುತ್ತದೆ. ಅಕ್ಕಿ ಬೇಳೆ ತೊಳೆದ ನೀರು ಇದಕ್ಕೆ ಸಾಕು. ಬಟ್ಟೆ ಒಗೆದ ನೀರನ್ನು ಮಾತ್ರ ಸತತವಾಗಿ ಒಂದೇ ಗಿಡಕ್ಕೆ ಹಾಕಬಾರದು. ಸೋಪಿನ ಪುಡಿಯ ಸೋಡಿಯಮ್ ಲವಣಗಳು ಮಣ್ಣನ್ನು ಬಿಗಿಯಾಗಿಸುತ್ತವೆ. ಹೊಸದಾಗಿ ನೆಟ್ಟ ಪೊದೆಗೆ ಮೊದಲನೆಯ ಬೇಸಗೆಯಲ್ಲಿ ಈ ನೀರು ಅನಿವಾರ್ಯ; ‘ಆರೈಕೆ ಬೇಡ’ ಎಂಬ ಮಾತು ಎರಡನೆಯ ವರ್ಷದಿಂದ ಈಚೆಗೆ ಮಾತ್ರ ಸಲ್ಲುತ್ತದೆ. ನಂದಿಬಟ್ಟಲಿಗೂ ಈ ಮಾತುಗಳೇ ಅನ್ವಯಿಸುತ್ತವೆ. ಇವನ್ನು ಸವರುವುದಕ್ಕೂ, ಕಡ್ಡಿ ನೆಟ್ಟು ಹೊಸ ಗಿಡ ಮಾಡುವುದಕ್ಕೂ ನೆಲ ಚೆನ್ನಾಗಿ ತೊಯ್ದ ಮೇಲಿನ ಕಾಲವೇ ಯೋಗ್ಯ.

ಮೂರನೆಯ ಗುಂಪಿನಲ್ಲಿ ಕನಕಾಂಬರ, ನಿತ್ಯಪುಷ್ಪಗಳಂತಹ ಕುಳ್ಳಾದ ಗಿಡಗಳಿವೆ. ಕನಕಾಂಬರ ದಕ್ಷಿಣ ಭಾರತ ಮತ್ತು ಸಿಂಹಳದ ಗಿಡ. ಪರಿಮಳವಿಲ್ಲದಿದ್ದರೂ ದಂಡೆಯಲ್ಲಿ ಬೇಗ ಬಾಡದ ಗುಣದಿಂದ ಹೆಂಗಸರ ಮುಡಿಯಲ್ಲಿ ಸ್ಥಾನ ಪಡೆದಿದೆ. ಒಣಗಿದ ಕಾಯಿ ಮಳೆಹನಿ ತಾಗಿದೊಡನೆ ಚಟಚಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ನೆಲ ತೇವವಾದ ಗಳಿಗೆಯಲ್ಲಿಯೇ ಬಿತ್ತನೆಯಾಗುವಂತೆ ಮಾಡಿದ ಈ ಏರ್ಪಾಡನ್ನು ಮಕ್ಕಳು ಆಟವಾಗಿ ಬಲ್ಲರು. ‘ಡೆಲ್ಲಿ ಕನಕಾಂಬರ’ವೆಂದು ಪ್ರಸಿದ್ಧವಾದ ತಳಿಯು ತ್ರಿಗುಣಿತವಾದ್ದರಿಂದ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಅರೆನೆರಳನ್ನು ಕನಕಾಂಬರ ಚೆನ್ನಾಗಿ ಸಹಿಸುತ್ತದೆ. ಆದರೆ ಇದಕ್ಕೆ ಬೇರಿನ ಜಂತುಹುಳುಗಳ ಬಾಧೆ ಬಹಳ. ಒಂದೇ ಮಡಿಯಲ್ಲಿ ಮೂರು ನಾಲ್ಕು ವರ್ಷ ಬೆಳೆದ ಗಿಡಗಳು ಕಾರಣವಿಲ್ಲದೆ ಸೊರಗಿದರೆ ನೀರಿನ ಕೊರತೆಯೆಂದು ತಿಳಿಯದೆ ಒಂದನ್ನು ಕಿತ್ತು ಬೇರನ್ನು ನೋಡಬೇಕು. ಆ ಮಡಿಯಲ್ಲಿ ಒಂದು ಕಾಲ ಚೆಂಡುಹೂವನ್ನು ಬೆಳೆದರೆ ಅದರ ಬೇರಿನ ರಾಸಾಯನಿಕಗಳಿಂದ ಜಂತುಹುಳುಗಳು ತಗ್ಗುತ್ತವೆ.

ನಿತ್ಯಪುಷ್ಪವನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಮಡಗಾಸ್ಕರಿನ ಈ ಗಿಡದ ಎಲೆಗಳಿಂದ 1958ರಲ್ಲಿ ಕೆನಡದ ಸಂಶೋಧಕರು ವಿನ್‌ಬ್ಲಾಸ್ಟಿನ್ ಎಂಬ ಅರ್ಬುದನಾಶಕ ದ್ರವ್ಯವನ್ನು ಬೇರ್ಪಡಿಸಿದ ಮೇಲೆ ಅದರ ಕೀರ್ತಿ ಲೋಕವ್ಯಾಪಿಯಾಗಿದೆ. ಅಂಗಳದಲ್ಲಿ ಅದು ಗೋಡೆಯ ಬಿರುಕಿನಲ್ಲಿಯೂ ಬದುಕುತ್ತದೆ, ಸಾಯುವುದು ಬಹುಪಾಲು ಅತಿಯಾದ ನೀರಿನಿಂದ. ಕುಂಡದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ.

ಮೇಲೆ ಹೇಳಿದ್ದೆಲ್ಲ ಬಯಲುಸೀಮೆಯ ಮಾತು. ಕರಾವಳಿಯಲ್ಲಿ ಕೆಟ್ಟ ಕಾಲ ಎರಡು. ಬೇಸಗೆಯ ಒಣಗು ಒಂದಾದರೆ, ವರ್ಷದ 3,500 ಮಿಲಿಮೀಟರಿಗೂ ಮೀರಿದ ಮಳೆಯ ಬಹುಭಾಗ ನಾಲ್ಕೇ ತಿಂಗಳಲ್ಲಿ ಸುರಿಯುವುದು ಇನ್ನೊಂದು. ಅಲ್ಲಿ ಸುಗಂಧರಾಜದ ಗೆಡ್ಡೆಗಳನ್ನು ಏರುಮಡಿಯಲ್ಲಿ ಮರಳು ಬೆರೆಸಿ ನೆಡದಿದ್ದರೆ ಕೊಳೆತುಹೋಗುತ್ತವೆ. ಆ ಸೀಮೆಯ ಅಂಗಳಕ್ಕೆ ಸಹಜವಾದದ್ದು ಜಂಬಿಟ್ಟಿಗೆ ನೆಲದ ಕೇಪಳ. ಅದನ್ನು ಮೆಚ್ಚಿ ಬಯಲುಸೀಮೆಗೆ ತಂದವರು ಎಲೆ ಹಳದಿಯಾಗುವುದನ್ನು ಕಂಡು ಪೇಚಾಡುತ್ತಾರೆ. ಕ್ಷಾರಗುಣದ ಮಣ್ಣಿನಲ್ಲಿ ಕೇಪಳವು ಕಬ್ಬಿಣದ ಅಂಶವನ್ನು ಹೀರಲಾರದೆಂಬುದೇ ಅದಕ್ಕೆ ಕಾರಣ. ಉತ್ತರದ ಎರೆನೆಲದಲ್ಲಿಯೂ ಗೆಡ್ಡೆಗಳಿಗೆ ಏರುಮಡಿ ಅಗತ್ಯ.

‘ದೇಶೀಯ ಗಿಡಗಳನ್ನೇ ನೆಡಿ’ ಎಂಬ ಉಪದೇಶ ಈಗ ಬಹಳವಾಗಿ ಕೇಳಿಬರುತ್ತಿದೆ. ಕೀಟ ಪಕ್ಷಿಗಳ ದೃಷ್ಟಿಯಿಂದ ಅದರಲ್ಲಿ ಅರ್ಥವುಂಟು. ಆದರೆ ನೀರಿನ ದೃಷ್ಟಿಯಿಂದ ಹುಟ್ಟೂರು ಸಾಕಾದ ಪ್ರಮಾಣವಲ್ಲ. ನಾವು ಈ ವರೆಗೆ ನೋಡಿದ ಗಿಡಗಳಲ್ಲಿ ಮೆಕ್ಸಿಕೋ, ಆಫ್ರಿಕ, ಮಡಗಾಸ್ಕರ್‌ಗಳಿಂದ ಬಂದವು ನಮ್ಮ ಬೇಸಗೆಯನ್ನು ನಿರಾಯಾಸವಾಗಿ ದಾಟುತ್ತವೆ. ಆ ನಾಡುಗಳ ಅನೇಕ ಭಾಗಗಳಲ್ಲಿಯೂ ಮಳೆಗಾಲ, ಒಣಗಾಲಗಳು ನಮ್ಮಂತೆಯೇ ಸರದಿಯಾಗಿ ಬರುತ್ತವೆ. ನಮ್ಮದೇ ಘಟ್ಟದ ನಿತ್ಯಹಸುರು ಕಾಡಿನ ಗಿಡವನ್ನು ತುಮಕೂರಿನ ಅಂಗಳಕ್ಕೆ ತಂದರೆ ಅದು ಪರದೇಶಿಯೇ ಸರಿ.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ವಿಶ್ರಾಂತಿಯಲ್ಲಿರುವ ಗೆಡ್ಡೆಗಳ ಮಡಿಯು ಬೇಸಗೆಯಲ್ಲಿ ಖಾಲಿ ನೆಲದಂತೆಯೇ ಕಾಣುತ್ತದೆ. ಲಾಲ್‌ಬಾಗಿನ ಜನವರಿಯ ಫಲಪುಷ್ಪ ಪ್ರದರ್ಶನವನ್ನು ನೋಡಿ ಬಂದ ಉತ್ಸಾಹದಲ್ಲಿ ಆ ‘ಖಾಲಿ’ ನೆಲವನ್ನು ಅಗೆದು, ಪಿಟೂನಿಯ, ಫ್ಲಾಕ್ಸ್ ಸಸಿಗಳನ್ನು ನಾಟಿಮಾಡುವುದು ಬಹು ಸಾಮಾನ್ಯ. ಗುದ್ದಲಿಗೆ ಸಿಕ್ಕಿದ ಗೆಡ್ಡೆಗಳು ತುಂಡಾಗುತ್ತವೆ. ಸಿಕ್ಕದೆ ಉಳಿದವು ಹೊಸ ಸಸಿಗಳಿಗೆ ದಿನವೂ ಎರೆಯುವ ನೀರಿನಲ್ಲಿ ಕೊಳೆಯುತ್ತವೆ. ಏಪ್ರಿಲ್ ತಿಂಗಳಿಗೆ ಸಸಿಗಳೂ ಬಿಸಿಲಿಗೆ ಹೋಗಿ, ಮೇ ತಿಂಗಳಲ್ಲಿ ಆ ನೆಲ ನಿಜವಾಗಿಯೂ ಖಾಲಿಯಾಗಿರುತ್ತದೆ. ಇದನ್ನು ತಪ್ಪಿಸಲು ನವೆಂಬರಿನಲ್ಲಿ, ಎಲೆಗಳು ಇನ್ನೂ ಕಾಣುತ್ತಿರುವಾಗಲೇ, ಪ್ರತಿಯೊಂದು ಗುಂಪಿನ ಪಕ್ಕದಲ್ಲಿ ಒಂದು ಕಲ್ಲನ್ನು ಹುಗಿದು, ಅಂಗಳದ ನಕ್ಷೆಯೊಂದನ್ನು ಬರೆದಿಡಬೇಕು. ಕಾಲೇಜಿನ ತೋಟಗಳಲ್ಲಿ ಈ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಿ, ನಕ್ಷೆಯ ಅಂಚಿನಲ್ಲಿ ಪ್ರತಿವರ್ಷ ಯಾವ ಗುಂಪು ಯಾವ ತಾರೀಖಿನಂದು ಮೊದಲು ನೆಲವನ್ನು ಒಡೆಯಿತು, ಅದಕ್ಕೆ ಎಷ್ಟು ದಿನ ಮುಂಚೆ ಎಷ್ಟು ಮಳೆ ಬಿದ್ದಿತ್ತು ಎಂಬುದನ್ನು ಗುರುತು ಹಾಕಿಸಬಹುದು. ಅದಕ್ಕೆ ಬೇಕಾದ ಸಲಕರಣೆ ಒಂದು ಮಳೆಮಾಪಕ ಮತ್ತು ಒಂದು ನೋಟುಪುಸ್ತಕ ಮಾತ್ರ.